ಸೇವಾಗ್ರಾಮದ ತರಕಾರಿ ಪಾಠ

ಮಹಾರಾಷ್ಟ್ರದ ವಾರ್ಧಾದಿಂದ ಸುಮಾರು 8 ಕಿಲೋಮೀಟರು ಸಾಗಿದರೆ ಸೇವಾಗ್ರಾಮ. ಗಾಂಧೀಜಿ 1936ರಲ್ಲಿ ಬಂದು ನೆಲೆಸಿದ ಹಳ್ಳಿ. ದುಡಿಮೆಯ ಮೂಲಕವೇ ಕಲಿಸುವ ಅವರ ‘ನಯೀ ತಾಲೀಮ್’ ಶಾಲೆ ಇಲ್ಲಿ ನಡೆದು, ನಿಂತುಹೋಗಿ, 2005ರಲ್ಲಿ ‘ಆನಂದ ನಿಕೇತನ’ವಾಗಿ ಮತ್ತೆ ಚಿಗುರಿತು. ಇಲ್ಲಿ ತರಕಾರಿ ತೋಟವೂ ಒಂದು ತರಗತಿ.

ವಿದರ್ಭದ ಎರೆಮಣ್ಣು ಮಳೆಗಾಲದಲ್ಲಿ ನೀರು ಹಿಡಿದು ನಿಲ್ಲುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಯೋಚಿಸದೆ ಬಿತ್ತಿದರೆ ಬೇರು ಕೊಳೆಯುತ್ತದೆ, ಇಲ್ಲವೇ ಗಿಡ ಒಣಗುತ್ತದೆ. ಆದ್ದರಿಂದ ಇಂಥ ನೆಲದಲ್ಲಿ ಗುದ್ದಲಿಗಿಂತ ಮೊದಲು ಕಾಗದ, ಪೆನ್ಸಿಲು ಬೇಕು. ಬಿಸಿಲು ಯಾವ ಕಡೆ? ನೀರು ಎಲ್ಲಿಂದ? ಏರುಮಡಿ ಎಷ್ಟು? ತಿಂಗಳೊಳಗೆ ಕೈಗೆ ಬರುವ ಮೆಂತ್ಯ ಎಲ್ಲಿ, ತಿಂಗಳುಗಟ್ಟಲೆ ನಿಲ್ಲುವ ಬದನೆ ಎಲ್ಲಿ?

12 ಅಡಿ ಸಾಲಿನಲ್ಲಿ ಒಂದೂವರೆ ಅಡಿಗೊಂದರಂತೆ ಬದನೆ ಸಸಿ ಎಷ್ಟು ಬೇಕು? ಭಾಗಾಕಾರ ಎಂಟು ಎನ್ನುತ್ತದೆ. ಎರಡೂ ತುದಿಯಲ್ಲಿ ನೆಟ್ಟರೆ ಬೇಕಾಗುವುದು ಒಂಬತ್ತು! ಕಪ್ಪುಹಲಗೆಯ ಮೇಲೆ ತಪ್ಪಿಹೋಗುವ ಈ ಒಂದು ಸಸಿಯನ್ನು ಮಣ್ಣು ಮರೆಯಗೊಡುವುದಿಲ್ಲ.

ಕೈ ಮಣ್ಣಾದರೆ ಓದು ಕೆಡುತ್ತದೆಂದು ಅಂಜುವ ತಂದೆತಾಯಿಯರು ಮಕ್ಕಳೊಡನೆ ಒಮ್ಮೆ ಸೇವಾಗ್ರಾಮಕ್ಕೆ ಹೋಗಿಬರಲಿ. ಮರಳಿ ಬಂದ ಮೇಲೆ ಮನೆಯ ಹಿತ್ತಿಲನ್ನು ಮಕ್ಕಳಿಂದಲೇ ಅಳೆಸಲಿ.