ಒಂದು ಕೇಬಲ್ಲಿನ ಉದ್ದ

ಅಣ್ಣನ ಮಗಳು ಬೆಂಗಳೂರಿನಲ್ಲಿ ಡಿಸೈನ್ ಇಂಜಿನಿಯರ್ ಆಗಿ ಸೇರಿ ಮೂರು ತಿಂಗಳು. ಹಬ್ಬಕ್ಕೆ ಬಂದವಳು ಕೇಳಿದಳು: "ಚಿಕ್ಕಪ್ಪ, ಸಾಫ್ಟ್‌ವೇರೇ ಇಲ್ದೆ ಕೇಬಲ್ ಸೈಜು ಹೇಗೆ ಹಾಕ್ತಿದ್ರಿ?"

ಹಾಸನದ ಮಲ್ನಾಡ್ ಇಂಜಿನಿಯರಿಂಗ್ ಕಾಲೇಜಿನಿಂದ ಹೊರಬಿದ್ದು ನಾನು ಒಂದು ಕೋಣೆಯ ಆಫೀಸಿಗೆ ಸೇರಿದ್ದು 1984ರಲ್ಲಿ. ಯಜಮಾನರು ಕೆಇಬಿಯಿಂದ ನಿವೃತ್ತರಾದವರು. ಹೊಳೆನರಸೀಪುರದ ಅಕ್ಕಿ ಗಿರಣಿ, ಅರಕಲಗೂಡಿನ ಹಿಟ್ಟಿನ ಗಿರಣಿ, ಚನ್ನರಾಯಪಟ್ಟಣದ ನಾರಿನ ಮಿಲ್ಲು, ಇವಕ್ಕೆಲ್ಲ ನಕ್ಷೆ ಬರೆದು ವಿದ್ಯುತ್ ಪರಿವೀಕ್ಷಕರ ಒಪ್ಪಿಗೆ ತರುವುದು ನಮ್ಮ ಕೆಲಸ. ಟ್ರೇಸಿಂಗ್ ಪೇಪರಿನ ಮೇಲೆ ಇಂಕಿನ ಗೆರೆ. ತಪ್ಪಿದರೆ ಬ್ಲೇಡಿನಲ್ಲಿ ಕೆರೆಯಬೇಕು. ಆಮೇಲೆ ಅಮೋನಿಯಾ ಪ್ರಿಂಟು. ಬಿಸಿಬಿಸಿ ಹಾಳೆ ಕೈಗೆ ಬಂದಾಗ ಕಣ್ಣಲ್ಲಿ ನೀರು. ಈಗಲೂ ಬಸ್ ಸ್ಟ್ಯಾಂಡಿನ ಮೂತ್ರಿಖಾನೆ ಕಡೆಯಿಂದ ಗಾಳಿ ಬೀಸಿದರೆ ನನಗೆ ಮೊದಲ ಸಂಬಳ ನೆನಪಾಗುತ್ತದೆ. ಇದನ್ನು ಮನೆಯಲ್ಲಿ ಹೇಳುವಂತಿಲ್ಲ.

ಆ ಸಂಬಳವೂ ಸರಿಯಾಗಿ ಬರುತ್ತಿರಲಿಲ್ಲ. ಗಿರಣಿಯವರೊಬ್ಬರು ಅರ್ತಿಂಗ್ ಗುಂಡಿಯ ಬಾಬ್ತನ್ನೇ ಹಿಡಿದು ಚೌಕಾಸಿಗೆ ನಿಂತರು: "ಉಪ್ಪು ನಮ್ದು, ಇದ್ದಿಲು ನಮ್ದು, ಗುಂಡಿ ತೋಡೋನೂ ನಮ್ಮೋನೇ. ನಿಮ್ದೇನ್ ಸ್ವಾಮಿ?" ಕೊನೆಗೆ ಫೀಸಿನ ಬಾಕಿಗೆ ಒಂದು ಮೂಟೆ ಅಕ್ಕಿ ಬಂತು. ಅದರಲ್ಲಿ ಹತ್ತು ಸೇರು ನನ್ನ ಪಾಲು.

ನಾರಿನ ಮಿಲ್ಲು ನನ್ನ ಮೊದಲ ಸ್ವಂತ ಲೆಕ್ಕ. 30 ಎಚ್‌ಪಿ ಮೋಟರು, ಫುಲ್ ಲೋಡಿನಲ್ಲಿ ಸುಮಾರು 40 ಆಂಪಿಯರ್, ಸ್ಟಾರ್-ಡೆಲ್ಟಾ ಸ್ಟಾರ್ಟರು. ಬೋರ್ಡಿನಿಂದ ಯಂತ್ರಕ್ಕೆ 120 ಮೀಟರ್ ಎಂದು ಮಾಲೀಕರು ಅಂದರು, ಬರೆದುಕೊಂಡೆ. 16 ಚದರ ಮಿಲಿಮೀಟರಿನ ಅಲ್ಯೂಮಿನಿಯಂ ಕೇಬಲ್ ಸಾಕು ಎಂದು ಲೆಕ್ಕ ಹೇಳಿತು. ಸಂಜೆ ಚಾಲೂ ಮಾಡಿದರೆ ಮೋಟರು ಗುಂಯ್ ಎಂದು ನರಳಿತೇ ಹೊರತು ವೇಗ ಹಿಡಿಯಲಿಲ್ಲ.

ಯಜಮಾನರು ಬಂದರು. ಸ್ಟಾರ್ಟರಿನ ಕಡೆ ನೋಡಲೂ ಇಲ್ಲ. ಪಂಚೆ ಮೇಲೆ ಕಟ್ಟಿ, ಕೇಬಲ್ ಹೋದ ದಾರಿಯಲ್ಲೇ, ತೆಂಗಿನ ತೋಟ ಬಳಸಿ ಹೆಜ್ಜೆ ಎಣಿಸುತ್ತಾ ನಡೆದರು. 180 ಮೀಟರ್! ಆಮೇಲೆ ಬೋರ್ಡಿಗೆ ಮೀಟರು ಹಿಡಿದರು: 350 ವೋಲ್ಟ್. "ಲೋ ಮರಿ, 415 ಯಾವ ಊರಿಂದ ತಂದೆ?" ಸ್ಟಾರಿನಲ್ಲಿ ಮೋಟರಿನ ತಿರುಗುಬಲ ಮೂರರಲ್ಲೊಂದು ಪಾಲು, ವೋಲ್ಟೇಜು ಇಳಿದಷ್ಟೂ ಅದು ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. ಪರೀಕ್ಷೆಯಲ್ಲಿ ಇದನ್ನೇ ಬರೆದು ಅಂಕ ತೆಗೆದಿದ್ದೆ. 35ರ ಕೇಬಲ್ ಎಳೆದೆವು, ಖರ್ಚು ಯಜಮಾನರದು. ಒಂದು ಮಾತೂ ಆಡಲಿಲ್ಲ. ಬಸ್ಸಿನಲ್ಲಿ ನನಗೂ ಟಿಕೆಟ್ ತೆಗೆದರು.

ಚಿನ್ನದ ಕಾಲ ಅನ್ನಲಾರೆ. ಕೈಗವಸಿಲ್ಲದೆ ಪ್ಯಾನೆಲ್‌ಗೆ ಕೈ ಹಾಕುತ್ತಿದ್ದ ಹುಡುಗರನ್ನು ಕಂಡೂ ನಾವು ಸುಮ್ಮನಿದ್ದೆವು. ಆದರೆ ಈಗ ಬೆಂಗಳೂರಲ್ಲಿ ಕೂತು ಉಪಗ್ರಹ ಚಿತ್ರದ ಮೇಲೆ ಗೆರೆ ಎಳೆಯುತ್ತಾರೆ, ಇಲ್ಲಿನವನು ಜಾಗ ನೋಡದೆ ಸಹಿ ಹಾಕುತ್ತಾನೆ. ಸಹಿಗೆ ರೇಟಿದೆ.

ಹುಡುಗಿ ಲ್ಯಾಪ್‌ಟಾಪ್ ತೆರೆದಳು. "ನಿಮ್ಮ ಮೋಟರ್ ಹಾಕಿ ನೋಡೋಣ, ಎರಡು ಸೆಕೆಂಡು." 30 ಎಚ್‌ಪಿ ಒತ್ತಿದಳು. ವೋಲ್ಟೇಜು 415 ತಾನಾಗಿಯೇ ಬಂತು. ಮುಂದಿನ ಮನೆ ಖಾಲಿ.

"ಉದ್ದ ಎಷ್ಟು ಹಾಕ್ಲಿ ಚಿಕ್ಕಪ್ಪ?"