ಅಜ್ಜಿಗೆ ವಾರಂಟಿ ಇಲ್ಲ

ಅಡಿಕೆ ಮಾರಿದ ದುಡ್ಡಲ್ಲಿ ಟಿಲ್ಲರ್ ತನ್ನಿ, ಬೋರ್ ಕೊರೆಸಿ, ಸೊಸೆಗೆ ಸರ ಮಾಡಿಸಿ, ಕತ್ತಲಗೆರೆಯಲ್ಲಿ ಯಾರೂ ಯಾಕೆ ಅನ್ನುವುದಿಲ್ಲ. ಹಾರ್ಡ್ ಡಿಸ್ಕ್ ತರ್ತೀನಿ ಅಂದರೆ ಮಾತ್ರ ಕಟ್ಟೆ ಮೇಲೆ ಕೂತವರು ಕೇಳುತ್ತಾರೆ, "ಅದ್ರಾಗೆ ಏನೈತಪ್ಪ?"

ಇರುವುದು ನೆಂಟರು. ಬೂಷ್ಟು ಹಿಡಿಯುವ ಮೊದಲು ಮದುವೆ ಕ್ಯಾಸೆಟ್ಟುಗಳಿಂದ ಸಿ.ಡಿ.ಗೆ ಇಳಿದರು, ಸಿ.ಡಿ.ಗೆ ಗೀರು ಬೀಳುವ ಮೊದಲು ಕಂಪ್ಯೂಟರಿಗೆ ಹತ್ತಿದರು. ಈಗ ಕಂಪ್ಯೂಟರೇ ಕೆಮ್ಮುತ್ತಿದೆ. 1990ರ ದಶಕದ ಒಂದು ಮದುವೆಯಲ್ಲಿ ನಮ್ಮಜ್ಜಿ ಲೈಟಿಗೆ ಸೆರಗು ಅಡ್ಡ ಹಿಡಿದು, "ನನ್ನೇನ್ ತೆಗೀತೀಯೋ, ಮದುಮಗಳ್ನ ತೆಗಿ ಹೋಗು" ಎಂದು ವಿಡಿಯೋದವನನ್ನು ಗದರುತ್ತಾಳೆ. ಅವಳ ದನಿ ಅಂತ ಉಳಿದಿರುವುದು ಅಷ್ಟೇ. ಮದುಮಗಳನ್ನು ಈಗ ಯಾರೂ ನೋಡುವುದಿಲ್ಲ.

ಮನೆಯವಳು ಎಳೆದ ಗೆರೆ ಹತ್ತು ಸಾವಿರ. ದಾವಣಗೆರೆಯ ಅಂಗಡಿಯಲ್ಲಿ "ಯಾವುದು ಕೆಡಲ್ಲ?" ಎಂದು ಕೇಳಿದೆ. "ಪ್ಯಾಕ್ ಒಡೀದೇ ಇರೋದು ಸರ್" ಎಂದ ಹುಡುಗ. ಅವನ ಮೇಲೆ ನಂಬಿಕೆ ಹುಟ್ಟಿತು. ತಿರುಗುವ ಡಿಸ್ಕ್ ಮಾಡುವವರು ಜಗತ್ತಿನಲ್ಲಿ ಉಳಿದಿರುವುದೇ ಮೂವರು: ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಶಿಬಾ. ಒಳಗಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ಹಾಕುತ್ತದೆ. ಓದುವ ಹೆಡ್ಡು ತಟ್ಟೆಗೆ ತಾಗದೆ, ಕೂದಲೆಳೆಗಿಂತ ಸಾವಿರಾರು ಪಟ್ಟು ಕಡಿಮೆ ಸಂದಿಯಲ್ಲಿ ತೇಲುತ್ತದೆ. ಅದು ಓಡುತ್ತಿರುವಾಗ ಮೊಮ್ಮಗ ವೈರು ಎಳೆದು ಕೆಡವಿದರೆ ಮೂರು ಕಂಪನಿಯೂ ಒಂದೇ.

ಎಸ್‌ಎಸ್‌ಡಿ ಎಂಬ ಇನ್ನೊಂದು ಬಗೆಯಲ್ಲಿ ತಿರುಗುವುದೇನೂ ಇಲ್ಲ, ಬಿದ್ದರೂ ಬದುಕುತ್ತದೆ. ಆದರೆ ಅದೇ ದುಡ್ಡಿಗೆ ಜಾಗ ಕಡಿಮೆ. ವರ್ಷಗಟ್ಟಲೆ ಕರೆಂಟು ಕಾಣದೆ ಬೀರುವಿನಲ್ಲಿ ಮಲಗಿದರೆ ಮರೆವು ಬರುವ ಭಯ ಬೇರೆ. ಮರೆವಿನವರು ಮನೆಯಲ್ಲಿ ಈಗಾಗಲೇ ಇದ್ದೇವೆ.

ಸೀರೆಯ ಬೆಲೆಗೆ 16 ಟಿಬಿ ಎಂಬ ಜಾಹೀರಾತು ಮೊಬೈಲಿನಲ್ಲಿ ಬಂದಾಗ ಮನೆಯವಳ ಮುಖ ಅರಳಿತ್ತು. ಅಂಥ ಡಬ್ಬಿ ಒಡೆದರೆ ಸಿಗುವುದು ಪುಟ್ಟ ಮೆಮೊರಿ ಕಾರ್ಡು. ತನ್ನ ಅಳತೆಯನ್ನು ಕಂಪ್ಯೂಟರಿಗೆ ಸುಳ್ಳು ಹೇಳಿ, ಒಳಗೆ ಜಾಗ ಮುಗಿದ ಮೇಲೆ ಹಳೆಯದರ ಮೇಲೇ ಹೊಸದನ್ನು ಬರೆಯುತ್ತದೆ. ಮೊಮ್ಮಗನ ನಾಮಕರಣದ ಅಡಿಯಲ್ಲಿ ಅಜ್ಜಿ ಅಳಿಸಿಹೋಗುತ್ತಾಳೆ. ಅಸಲಿ 1 ಟಿಬಿ ಡಿಸ್ಕೂ ಕಂಪ್ಯೂಟರಿನಲ್ಲಿ 931 ಜಿಬಿ ಅಂತಲೇ ತೋರಿಸುತ್ತದೆ, ಅದು ಮೋಸವಲ್ಲ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ. ಅಡಿಕೆ ಮಂಡಿಯ ತೂಕ ಕಂಡವರಿಗೆ ಇದೇನು ಹೊಸದಲ್ಲ.

1956ರಲ್ಲಿ ಐಬಿಎಂ ಕಂಪನಿ ಮಾಡಿದ ಮೊದಲ ಹಾರ್ಡ್ ಡಿಸ್ಕ್ ಒಂದು ಟನ್ನಿನಷ್ಟು ತೂಗುತ್ತಿತ್ತು, ಹಿಡಿಯುತ್ತಿದ್ದುದು 5 ಎಂಬಿ. ಇವತ್ತಿನ ಮೊಬೈಲಿನ ಒಂದು ಫೋಟೋಗೆ ಸರಿಹೋಯಿತು. ಅಜ್ಜಿಯ ಗದರಿಕೆ ಹೊರಲು ಲಾರಿಗಳೇ ಬೇಕಿದ್ದವು.

ವಾರಂಟಿ ಚೀಟಿಯನ್ನು ಕನ್ನಡಕ ಹಾಕಿಕೊಂಡು ಓದಿದೆ. ಕೆಟ್ಟರೆ ಹೊಸ ಡಬ್ಬಿ ಕೊಡುತ್ತಾರೆ, ಖಾಲಿಯದು. ಅಜ್ಜಿಯನ್ನು ಕೊಡುವ ಮಾತು ಎಲ್ಲೂ ಇಲ್ಲ. ಆಗ ನೆನಪಾದವಳು ಅತ್ತಿಮಬ್ಬೆ. ಹತ್ತನೇ ಶತಮಾನದಲ್ಲಿ ಪೊನ್ನನ ಶಾಂತಿಪುರಾಣಕ್ಕೆ ಓಲೆಗರಿಯ ಸಾವಿರ ಪ್ರತಿ ಮಾಡಿಸಿ ಹಂಚಿದವಳು. ಗೆದ್ದಲು ತಿನ್ನದ ಗರಿ ಎಲ್ಲಿ ಸಿಗುತ್ತದೆ ಎಂದು ಅಂಗಡಿ ಅಂಗಡಿ ಅಲೆದಿದ್ದರೆ ಪೊನ್ನ ನಮ್ಮ ಕೈಗೆ ಸಿಗುತ್ತಿದ್ದನೋ ಇಲ್ಲವೋ. ಸಾವಿರ ನಮ್ಮಿಂದಾಗದು. ದೊಡ್ಡದೊಂದನ್ನು ಬಿಟ್ಟು 1 ಟಿಬಿಯ ಎರಡು ಕೊಂಡೆ, ಎರಡು ಕಂಪನಿಯವು. ಒಂದು ಪಹಣಿ, ಪಾಸ್‌ಬುಕ್ಕಿನ ಜೊತೆ ಬೀರುವಿಗೆ. ಇನ್ನೊಂದು ಬೆಂಗಳೂರಿಗೆ, ಮಗಳ ಮನೆಗೆ.

"ಕೊಂಡು ಇಟ್ಟುಬಿಡಬೇಡಿ ಅಪ್ಪಾಜಿ, ಆರು ತಿಂಗಳಿಗೊಮ್ಮೆ ಹಾಕಿ ನೋಡಿ" ಎಂದಳು ಮಗಳು. ನೆನಪಿರಲಿ ಅಂತ ಯುಗಾದಿ, ಆಯುಧ ಪೂಜೆ ಎಂದು ಗೊತ್ತು ಮಾಡಿದೆವು. ಆಯುಧ ಪೂಜೆಗೆ ಪಂಪ್‌ಸೆಟ್ಟು, ಟಿಲ್ಲರಿನ ಸಾಲಿನಲ್ಲಿ ಡಿಸ್ಕಿಗೂ ಕುಂಕುಮ ಬಿತ್ತು. ವೈರಿನ ತೂತಿಗೆ ಬೀಳದಂತೆ ನಾನೇ ಬೆರಳು ಅಡ್ಡ ಹಿಡಿದಿದ್ದೆ. ಊಟವಾದ ಮೇಲೆ ಟಿವಿಗೆ ಹಾಕಿದೆವು. ಅಜ್ಜಿ ಬಂದಳು, ಗದರಿದಳು, ಹೋದಳು. ಎಲ್ಲರೂ ಸುಮ್ಮನಾದರು. ಅಷ್ಟರಲ್ಲಿ ಅತ್ತಿಗೆ, "ನಿಲ್ಸು ನಿಲ್ಸು, ಸ್ವಲ್ಪ ಹಿಂದಕ್ಕೆ ಹಾಕು. ಅಜ್ಜಿ ಹಿಂದೆ ಇರೋ ಆ ಹಿತ್ತಾಳೆ ಕೊಳಗ ನಮ್ಮನೇದಲ್ಲೇನು?" ಎಂದರು.

ಮನೆಯವಳು ಮೆಲ್ಲಗೆ ಎದ್ದು ಹೋಗಿ ಅಡಿಗೆಮನೆಯ ಬಾಗಿಲು ಎಳೆದುಕೊಂಡಳು.