ಮೂರೂರ ಹಾದಿಯಲ್ಲಿ ಮುಖ ತೊಳೆಯುವ ಎಣ್ಣೆ

ಸೋದರಿಯರೆ, ಹಂಪಿ, ಮೈಸೂರು, ಜೋಗದ ಬಗ್ಗೆ ನೀವು ಬೇಕಾದಷ್ಟು ಓದಿದ್ದೀರಿ. ಇವತ್ತು ನಮ್ಮ ರಾಯಚೂರು ಜಿಲ್ಲೆಯ ಒಂದು ಬಸ್ಸಿನ ಹಾದಿಗೆ ಬನ್ನಿ. ಲಿಂಗಸುಗೂರಿನಲ್ಲಿ ಹತ್ತಿ, ಮಸ್ಕಿ ದಾಟಿ, ಸಿಂಧನೂರಿನಲ್ಲಿ ಇಳಿಯುವುದು. ದೊಡ್ಡ ಪ್ರವಾಸವೇನಲ್ಲ. ಆದರೆ ಈ ಹಾದಿಯಲ್ಲಿ ನೆಲ ಬದಲಾಗುತ್ತದೆ, ನೀರು ಬದಲಾಗುತ್ತದೆ, ಎಣ್ಣೆಯೂ ಬದಲಾಗುತ್ತದೆ. ಬದಲಾಗದೆ ಇರುವುದು ಒಂದೇ, ಬಸ್ಸಿನಿಂದ ಇಳಿದ ಹೆಂಗಸಿನ ಮುಖದ ಮೇಲಿನ ಧೂಳು! ಆ ಧೂಳು ತೆಗೆಯುವ ಒಂದು ಎಣ್ಣೆಯನ್ನು ಮನೆಯಲ್ಲೇ ಮಾಡಿಕೊಳ್ಳುವ ಕ್ರಮವನ್ನೂ ಈ ಹಾದಿಯಲ್ಲೇ ಹೇಳಿಬಿಡುತ್ತೇನೆ.

ನನ್ನ ತವರು ಲಿಂಗಸುಗೂರು ಕಡೆ, ಕೊಟ್ಟ ಮನೆ ಸಿಂಧನೂರು. ಹಾಗಾಗಿ ಎರಡೂ ಕಡೆಯ ನೀರಿನ ಗುಣ ಬಲ್ಲೆ.

ಲಿಂಗಸುಗೂರು ತಾಲ್ಲೂಕು ಎಂದರೆ ಮೊದಲು ನೆನಪಾಗುವುದು ಹಟ್ಟಿಯ ಚಿನ್ನದ ಗಣಿ. ಕೋಲಾರದ ಗಣಿ 2001ರಲ್ಲಿ ಮುಚ್ಚಿದ ಮೇಲೆ ದೇಶದಲ್ಲಿ ಚಿನ್ನ ತೆಗೆಯುವ ಮುಖ್ಯ ಗಣಿ ನಮ್ಮ ಹಟ್ಟಿಯದೇ. ಇದೇ ತಾಲ್ಲೂಕಿನ ಮುದಗಲ್ಲಿನಲ್ಲಿ ಹಳೆಯ ಕೋಟೆ ಇದೆ. ಅಲ್ಲಿಯ ಮೊಹರಂ ನೋಡಲು ಜಾತಿ ಧರ್ಮದ ಭೇದವಿಲ್ಲದೆ ಸುತ್ತಲ ಊರಿನ ಜನ ಸೇರುತ್ತಾರೆ. ನೆಲದೊಳಗೆ ಚಿನ್ನವಿದ್ದರೇನು, ನೀರು ಮಾತ್ರ ಗಡಸು! ಎಷ್ಟೋ ಊರುಗಳಲ್ಲಿ ಬೋರ್‌ವೆಲ್ ನೀರು ಸವುಳು. ಬೇಳೆ ಬೇಗ ಬೇಯುವುದಿಲ್ಲ, ಕೊಡದ ಒಳಗೆ ಬಿಳಿ ಪೊರೆ ಕಟ್ಟುತ್ತದೆ. ಸಾಬೂನು ಹಚ್ಚಿದರೆ ನೊರೆ ಬರುವುದಿಲ್ಲ.

ಅದಕ್ಕೆ ಕಾರಣ ಇದೆ. ಗಡಸು ನೀರಿನಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು ಹೆಚ್ಚು. ಸಾಬೂನು ಇವುಗಳ ಜೊತೆ ಸೇರಿ ಕರಗದ ಜಿಡ್ಡಾಗುತ್ತದೆ. ಬಕೆಟ್ಟಿನ ಅಂಚಿಗೆ ಅಂಟುವ ಬಿಳಿ ಕೆನೆ ಅದೇ. ಅದು ಮುಖಕ್ಕೂ ಅಂಟುತ್ತದೆ. ನೊರೆ ಬರಲಿಲ್ಲವೆಂದು ಇನ್ನಷ್ಟು ಸಾಬೂನು ತಿಕ್ಕುತ್ತೇವೆ. ಸಾಬೂನಿಗೆ ಕ್ಷಾರದ ಗುಣ ಇರುವುದರಿಂದ ಚರ್ಮದ ಸಹಜ ಜಿಡ್ಡೂ ಹೋಗಿ ಮುಖ ಬಿಗಿದು, ಚಳಿಗಾಲದಲ್ಲಿ ಹೊಟ್ಟು ಏಳುತ್ತದೆ.

ನಮ್ಮ ಹಿಂದಿನವರು ಇದಕ್ಕೆ ದಾರಿ ಕಂಡುಕೊಂಡಿದ್ದರು. ನಮ್ಮವ್ವ ಹೊಲದಿಂದ ಬಂದವರಿಗೆ ಹೇಳುತ್ತಿದ್ದುದು ಒಂದೇ ಮಾತು: “ಸಬ್ಕಾರ ಆಮ್ಯಾಲ. ಮೊದಲ ಒಂದೀಟು ಕುಸುಬಿ ಎಣ್ಣಿ ಮಾರಿಗೆ ಸವರ್‍ಕೊರಿ, ಕಡ್ಲಿ ಹಿಟ್ಟು ಹಚ್ಚಿ ತೊಳಕೊರಿ.” ಎಣ್ಣೆ ಧೂಳನ್ನೂ ಜಿಡ್ಡನ್ನೂ ಸಡಿಲ ಮಾಡುತ್ತದೆ, ಕಡಲೆ ಹಿಟ್ಟು ಆ ಎಣ್ಣೆಯನ್ನು ಹೀರಿಕೊಂಡು ನೀರಿನ ಜೊತೆ ಇಳಿದು ಹೋಗುತ್ತದೆ. ಸವುಳು ನೀರಾದರೂ ಅಡ್ಡಿಯಿಲ್ಲ.

ಕುಸುಬಿ ನಮ್ಮ ಎರೆ ನೆಲದ ಹಿಂಗಾರಿ ಬೆಳೆ. ಮಳೆ ಹೋದ ಮೇಲೆ ನೆಲದ ಪಸಿಯಲ್ಲೇ ಬೆಳೆಯುತ್ತದೆ. ಗಿಡದ ತುಂಬ ಮುಳ್ಳು. ಮಂಜಿನ ತೇವಕ್ಕೆ ಮುಳ್ಳು ಮೆತ್ತಗಿರುವ ಹೊತ್ತಿನಲ್ಲಿ, ಅಂದರೆ ನಸುಕಿನಲ್ಲೇ, ಕೈಗೆ ಬಟ್ಟೆ ಸುತ್ತಿಕೊಂಡು ಹೆಣ್ಣಾಳುಗಳು ಕೊಯ್ಯುತ್ತಾರೆ. ಆ ಕಾಳಿನ ಹಾಲಿನಿಂದ ಹುಗ್ಗಿಯೂ ಆಗುತ್ತದೆ, ಕಾಳಿನಿಂದ ಎಣ್ಣೆಯೂ ಬರುತ್ತದೆ. ಸಾಮಾನ್ಯ ಕುಸುಬಿ ಎಣ್ಣೆಯಲ್ಲಿ 100ಕ್ಕೆ 70ರಷ್ಟು ಲಿನೋಲಿಯಿಕ್ ಆಮ್ಲವಿರುತ್ತದೆ. ಅದಕ್ಕೇ ಅದು ಹಗುರ, ಮುಖದ ಮೇಲೆ ಮೇಣದ ಹಾಗೆ ಕೂರುವುದಿಲ್ಲ. ಈಗ ಕುಸುಬಿ ಬಿತ್ತುವವರು ಕಡಿಮೆ. ಆದರೂ ಲಿಂಗಸುಗೂರಿಗೆ ಹೋದಾಗಲೆಲ್ಲ ಗಾಣದ ಎಣ್ಣೆ ಒಂದು ಸೀಸೆ ನನ್ನ ಕೈಚೀಲದಲ್ಲಿ ಬರಲೇಬೇಕು.

ಬಸ್ಸು ಮಸ್ಕಿಗೆ ಬಂತು. ಇದು ಮೊದಲು ಲಿಂಗಸುಗೂರು ತಾಲ್ಲೂಕಿಗೆ ಸೇರಿತ್ತು, ಈಗ ತಾನೇ ತಾಲ್ಲೂಕು. ಊರಿಗೆ ಒರಗಿದಂತೆ ಬಂಡೆಗಲ್ಲಿನ ಗುಡ್ಡ. ಅಲ್ಲಿಯ ಬಂಡೆಯೊಂದರ ಮೇಲೆ ಅಶೋಕ ಚಕ್ರವರ್ತಿಯ ಶಾಸನವಿದೆ. ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರು 1915ರಲ್ಲಿ ಇದನ್ನು ಕಂಡ. ಅಲ್ಲಿಯವರೆಗೆ ಸಿಕ್ಕಿದ್ದ ಧರ್ಮಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದು ಇತ್ತೇ ಹೊರತು ರಾಜನ ಸ್ವಂತ ಹೆಸರು ಇರಲಿಲ್ಲ. ಮಸ್ಕಿಯ ಬಂಡೆ ‘ಅಶೋಕ’ ಎಂದು ಹೆಸರು ಹಿಡಿದು ಹೇಳಿತು. ಮುಂದೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದಲ್ಲೂ ಆ ಹೆಸರು ಸಿಕ್ಕಿತು. ಆದರೆ ಮೊದಲ ಗೌರವ ಮಸ್ಕಿಯದೇ. ಬಿ.ಕೆ. ಥಾಪರ್ ಅವರು 1954ರಲ್ಲಿ ಇಲ್ಲಿ ಉತ್ಖನನ ನಡೆಸಿದಾಗ ಇನ್ನೂ ಹಳೆಯ ಕಾಲದ ವಸ್ತುಗಳು ಸಿಕ್ಕವು, ಮಣಿಗಳೂ ಸಿಕ್ಕವು. ಹೆಣ್ಣುಮಕ್ಕಳ ಅಲಂಕಾರದ ಆಸೆ ಅಷ್ಟು ಹಳೆಯದು, ನೋಡಿ!

ಆ ಶಾಸನದ ತಾತ್ಪರ್ಯ ಹೀಗೆ: ಧರ್ಮದಲ್ಲಿ ನಡೆದರೆ ಚಿಕ್ಕವನಿಗೂ ದೊಡ್ಡ ಪದವಿ ಸಿಗುತ್ತದೆ, ಅದು ದೊಡ್ಡವರಿಗೆ ಮಾತ್ರ ಎಂದು ತಿಳಿಯಬಾರದು. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನ ಮಾತು ಇದು. ಅದೇ ಗುಡ್ಡದ ಕೆಳಗಿನ ಊರಿನಲ್ಲಿ ಇವತ್ತಿಗೂ ಹುಡುಗಿಯನ್ನು ನೋಡಲು ಬಂದವರು ಅವಳ ಬಣ್ಣದಿಂದ ಬೆಲೆ ಕಟ್ಟುತ್ತಾರೆ. ಇದನ್ನು ಯಾಕೆ ಹೇಳುತ್ತೇನೆಂದರೆ, ನಮ್ಮ ನೆಂಟರ ಹುಡುಗಿಯೊಬ್ಬಳು ಮಸ್ಕಿಯಲ್ಲಿದ್ದಾಳೆ. ಎಣ್ಣೆಗೆಂಪು ಬಣ್ಣ, ಲಕ್ಷಣವಾದ ಮುಖ, ಬಿ.ಎಡ್. ಓದಿದವಳು. ವರನ ಕಡೆಯ ಹೆಂಗಸೊಬ್ಬರು ಚಹಾ ಕುಡಿದು ಎದ್ದು ಹೋಗುವಾಗ, “ಹುಡುಗಿ ಚಲೋ ಅದಾಳ, ಬಣ್ಣಾನ ಸ್ವಲ್ಪ ಕಮ್ಮಿ” ಎಂದರಂತೆ. ಅಷ್ಟು ಸಾಕಾಯಿತು. ಯಾರೋ ಹೇಳಿದರೆಂದು ಒಂದು ಸಣ್ಣ ಟ್ಯೂಬು ತಂದು ದಿನಾ ರಾತ್ರಿ ಹಚ್ಚತೊಡಗಿದಳು.

ಮೊದಲ ಎರಡು ವಾರ ಮುಖ ಬೆಳ್ಳಗೆ, ನುಣ್ಣಗೆ ಆಯಿತು. ಮನೆಯವರೆಲ್ಲ ಹಿಗ್ಗಿದರು. ಮೂರು ತಿಂಗಳು ಕಳೆಯುವುದರೊಳಗೆ ಕೆನ್ನೆಯ ಚರ್ಮ ಹಾಳೆಯ ಹಾಗೆ ತೆಳುವಾಗಿ ಒಳಗಿನ ರಕ್ತದ ಎಳೆಗಳು ಕಾಣಿಸತೊಡಗಿದವು. ಬಿಸಿಲಿಗೆ ಹೋದರೆ ಉರಿ. ಹಚ್ಚುವುದನ್ನು ಒಂದು ದಿನ ಬಿಟ್ಟರೆ ಮುಖವೆಲ್ಲ ಕೆಂಪಾಗಿ ಗುಳ್ಳೆ ಏಳುತ್ತಿದ್ದವು, ಅದಕ್ಕೆ ಹೆದರಿ ಮತ್ತೆ ಹಚ್ಚುವುದು. ಚರ್ಮದ ವೈದ್ಯರು ಟ್ಯೂಬು ತಿರುಗಿಸಿ ನೋಡಿದವರೇ, “ಇದು ಸ್ಟಿರಾಯ್ಡು, ಸೌಂದರ್ಯಕ್ಕೆ ಹಚ್ಚುವುದಲ್ಲ” ಎಂದರು.

ಸೋದರಿಯರೆ, ಈ ಮಾತು ದಯವಿಟ್ಟು ನೆನಪಿಡಿ. ಸ್ಟಿರಾಯ್ಡ್ ಮುಲಾಮು ಕೆಲವು ಚರ್ಮರೋಗಗಳಿಗೆ ಒಳ್ಳೆಯ ಔಷಧ. ಆದರೆ ವೈದ್ಯರು ಹೇಳಿದಷ್ಟು ದಿನ, ಹೇಳಿದ ಜಾಗಕ್ಕೆ ಮಾತ್ರ. ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಮಾಡಿದೆ. ಹೆಸರಿಲ್ಲದ ಡಬ್ಬಿಯ ಬಿಳುಪಿನ ಕ್ರೀಮುಗಳಲ್ಲಿ ಪಾದರಸ ಇರುವುದೂ ಉಂಟು, ಅದು ಮೂತ್ರಪಿಂಡಕ್ಕೆ ಕೇಡು. ಮನೆಯಲ್ಲಿ ಯಾರಾದರೂ ಹಚ್ಚುತ್ತಿದ್ದರೆ ಬೈಯಬೇಡಿ, ಟ್ಯೂಬನ್ನೂ ಕೈಯಲ್ಲೇ ಹಿಡಿದುಕೊಂಡು ವೈದ್ಯರ ಹತ್ತಿರ ಕರೆದೊಯ್ಯಿರಿ. ಬಿಡುವುದಕ್ಕೂ ಒಂದು ಕ್ರಮವಿದೆ, ಅದನ್ನು ಅವರೇ ಹೇಳಬೇಕು.

ಹುಡುಗಿಯ ಮುಖ ತಹಬಂದಿಗೆ ಬರಲು ಏಳೆಂಟು ತಿಂಗಳು ಹಿಡಿಯಿತು. ಚರ್ಮ ಗಟ್ಟಿಯಾದ ಮೇಲೆ, ವೈದ್ಯರನ್ನು ಕೇಳಿಕೊಂಡೇ, ಕೆಳಗೆ ಹೇಳುವ ಎಣ್ಣೆಯಿಂದ ಮುಖ ತೊಳೆಯತೊಡಗಿದಳು.

ಅದನ್ನು ಮಾಡುವ ಮೊದಲು ಸಿಂಧನೂರಿಗೆ ಬಂದುಬಿಡೋಣ. ಮಸ್ಕಿಯಿಂದ ಮುಂದೆ ಹೊರಟಂತೆ ಹಾದಿಯ ಎರಡೂ ಕಡೆ ಹಸಿರಾಗುತ್ತದೆ. ತುಂಗಭದ್ರೆಗೆ 1953ರಲ್ಲಿ ಅಣೆಕಟ್ಟು ಆದ ಮೇಲೆ ಎಡದಂಡೆ ಕಾಲುವೆಯ ನೀರು ಈ ಎರೆ ನೆಲವನ್ನು ಗದ್ದೆ ಮಾಡಿತು. ಜೋಳ, ಕುಸುಬಿ ಇದ್ದ ಕಡೆ ಭತ್ತ ಬಂತು. ಆಂಧ್ರದ ಕರಾವಳಿಯಿಂದ ರೈತರು ಬಂದು ಭೂಮಿ ಕೊಂಡು ನೆಲೆಸಿದರು, ಅವರ ಊರುಗಳಿಗೆ ‘ಕ್ಯಾಂಪು’ ಎಂದೇ ಹೆಸರು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರಿಗೂ ಸರ್ಕಾರ ಇಲ್ಲೇ ನೆಲೆ ಕೊಟ್ಟಿತು. ಸಿಂಧನೂರಿನ ಸಂತೆಯಲ್ಲಿ ಕನ್ನಡ, ತೆಲುಗು, ಉರ್ದು, ಬಂಗಾಳಿ ನಾಲ್ಕೂ ಕೇಳುತ್ತವೆ. 2024ರಲ್ಲಿ ರೈಲೂ ಬಂತು.

ಎಣ್ಣೆಯೂ ಹಾಗೆಯೇ. ನಮ್ಮವರದು ಕುಸುಬಿ, ಶೇಂಗಾ. ಬಂಗಾಳಿ ಹೆಂಗಸರದು ಸಾಸಿವೆ ಎಣ್ಣೆ. ಚಳಿಗಾಲದಲ್ಲಿ ಮೈಗೆ ತಿಕ್ಕಿ ಬಿಸಿಲಿಗೆ ಕೂರುತ್ತಾರೆ. ಮೈಗೆ ಅದು ಸರಿ, ಆದರೆ ಅದರ ಖಾರ ಎಲ್ಲರ ಮುಖಕ್ಕೂ ಒಗ್ಗುವುದಿಲ್ಲ. ಸಿಂಧನೂರಿನಲ್ಲಿ ಅಕ್ಕಿ ಗಿರಣಿಗಳು ಬಹಳ. ಅಕ್ಕಿ ಬೆಳ್ಳಗಾಗುವಾಗ ಉದುರುವ ತೌಡಿನಲ್ಲೂ ಎಣ್ಣೆ ಇದೆ. ಆದರೆ ತೌಡು ಬೇಗ ಕಮಟುತ್ತದೆ, ಮನೆಯಲ್ಲಿ ಎಣ್ಣೆ ತೆಗೆಯಲಾಗುವುದಿಲ್ಲ. ಅಂಗಡಿಯಲ್ಲಿ ಸಿಗುವ ತೌಡಿನ ಎಣ್ಣೆ ಸಾಕು. ಕುಸುಬಿ ಸಿಗದವರಿಗೆ ಅದೂ ಆಗುತ್ತದೆ, ಸೂರ್ಯಕಾಂತಿ ಎಣ್ಣೆಯೂ ಆಗುತ್ತದೆ.

ಈಗ ಮಾಡುವ ಕ್ರಮ. ಬರೀ ಎಣ್ಣೆ ಹಚ್ಚಿ ನೀರು ಹಾಕಿದರೆ ಎಣ್ಣೆ ಹೋಗುವುದಿಲ್ಲ, ಜಾರುತ್ತದೆ ಅಷ್ಟೇ. ನೀರಿಗೂ ಎಣ್ಣೆಗೂ ನಡುವೆ ಸಂಬಂಧ ಕುದುರಿಸುವ ಒಂದು ವಸ್ತು ಬೇಕು. ಅದರ ಹೆಸರು ಪಾಲಿಸಾರ್ಬೇಟ್–80. ಹಳದಿ ಬಣ್ಣದ ಗಟ್ಟಿ ದ್ರವ. ಐಸ್‌ಕ್ರೀಮಿನಲ್ಲೂ ಬಳಸುತ್ತಾರೆ. ಇದರ ಒಂದು ತುದಿ ಎಣ್ಣೆಯನ್ನು ಹಿಡಿಯುತ್ತದೆ, ಇನ್ನೊಂದು ತುದಿ ನೀರನ್ನು. ಹಾಲಿನಲ್ಲಿ ಜಿಡ್ಡು ಸಣ್ಣ ಸಣ್ಣ ಹನಿಯಾಗಿ ಬೆರೆತಿರುತ್ತದಲ್ಲ, ಹಾಗೆಯೇ ಎಣ್ಣೆ ನೀರಿನಲ್ಲಿ ಬೆರೆತು ಬೆಳ್ಳಗಾಗಿ ತೊಳೆದು ಹೋಗುತ್ತದೆ. ಸಾಬೂನಿನ ಹಾಗೆ ಇದು ಸವುಳು ನೀರಿನ ಸುಣ್ಣದ ಜೊತೆ ಸೇರಿ ಜಿಡ್ಡು ಕಟ್ಟುವುದಿಲ್ಲ. ನಮ್ಮ ಕಡೆಯವರಿಗೆ ಇದೇ ದೊಡ್ಡ ಲಾಭ. ಸಾಬೂನು, ಕ್ರೀಮು ತಯಾರಿಸುವ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ, ಮೊಬೈಲಿನಲ್ಲಿ ತರಿಸಿಕೊಳ್ಳಲೂಬಹುದು. ಸೌಂದರ್ಯ ಸಾಧನಕ್ಕೆ ಬಳಸುವ ದರ್ಜೆಯದೇ ಇರಲಿ.

ಬೇಕಾಗುವ ಸಾಮಾನು: ಕುಸುಬಿ ಎಣ್ಣೆ 8 ದೊಡ್ಡ ಚಮಚ, ಪಾಲಿಸಾರ್ಬೇಟ್–80 2 ದೊಡ್ಡ ಚಮಚ, ಬೇಕಿದ್ದರೆ ವಿಟಮಿನ್ ಇ ಎಣ್ಣೆ 4 ಹನಿ. ಎಣ್ಣೆ ನಾಲ್ಕು ಪಾಲು, ಇದು ಒಂದು ಪಾಲು ಎಂದು ಲೆಕ್ಕ.

ಮಾಡುವ ವಿಧಾನ: ಬಣ್ಣದ ಗಾಜಿನ ಸೀಸೆಯನ್ನು ತೊಳೆದು ಬಿಸಿಲಲ್ಲಿ ಪೂರ್ತಿ ಒಣಗಿಸಿ. ಎಲ್ಲವನ್ನೂ ಹಾಕಿ ಬಿರಡೆ ಬಿಗಿದು ಎರಡು ನಿಮಿಷ ಕುಲುಕಿ. ಒಲೆಯ ಕೆಲಸವಿಲ್ಲ. ತಳದಲ್ಲಿ ಇಳಿದು ನಿಂತರೆ ಬಳಸುವಾಗ ಮತ್ತೆ ಕುಲುಕಿದರಾಯಿತು. ನೀರು, ಹಾಲು, ನಿಂಬೆರಸ, ಗುಲಾಬಿ ನೀರು ಯಾವುದನ್ನೂ ಸೇರಿಸಬೇಡಿ. ನೀರಿನ ಪಸೆ ಸೇರಿದರೆ ಬೂಷ್ಟು ಹಿಡಿಯುತ್ತದೆ. ನಮ್ಮ ಬೇಸಿಗೆಗೆ ಕುಸುಬಿ ಎಣ್ಣೆ ಬೇಗ ಕಮಟುವುದರಿಂದ ಎರಡು ತಿಂಗಳಿಗೆ ಆಗುವಷ್ಟೇ ಮಾಡಿ ನೆರಳಿನಲ್ಲಿಡಿ. ಕಮಟು ವಾಸನೆ ಬಂದರೆ ಚೆಲ್ಲಿಬಿಡಿ.

ಬಳಸುವ ರೀತಿ: ಕೈಯೂ ಮುಖವೂ ಒಣಗಿರಬೇಕು. ಒಂದು ಚಿಕ್ಕ ಚಮಚ ಎಣ್ಣೆಯನ್ನು ಅಂಗೈಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಒಂದು ನಿಮಿಷ ಮೆಲ್ಲಗೆ ಸವರಿ. ಆಮೇಲೆ ಕೈ ಒದ್ದೆ ಮಾಡಿಕೊಂಡು ಮತ್ತೆ ಸವರಿ, ಬೆಳ್ಳಗಾಗುತ್ತದೆ. ಉಗುರುಬೆಚ್ಚನೆಯ ನೀರಿನಲ್ಲಿ ನಾಲ್ಕೈದು ಸಲ ತೊಳೆದು, ಹಳೆಯ ನೂಲಿನ ಬಟ್ಟೆಯಿಂದ ಒತ್ತಿ ಒರೆಸಿ. ಉಜ್ಜಬೇಡಿ. ಧೂಳು, ಬೆವರು, ಪೌಡರು, ಕಾಡಿಗೆ, ಕುಂಕುಮ ಎಲ್ಲ ಹೋಗುತ್ತದೆ. ದಿನಕ್ಕೊಮ್ಮೆ, ಸಂಜೆ ಸಾಕು.

ಎಚ್ಚರಿಕೆ: ಮೊದಲು ಮೊಣಕೈ ಒಳಮಗ್ಗುಲಿಗೆ ಹಚ್ಚಿ ತೊಳೆದು ಎರಡು ದಿನ ನೋಡಿ. ತುರಿಕೆ ಬಂದರೆ ಬೇಡ. ಮೊಡವೆ ಹೆಚ್ಚಿದ್ದವರು ಎರಡು ವಾರ ಬಳಸಿ ನೋಡಿ, ಜಾಸ್ತಿಯಾದರೆ ನಿಲ್ಲಿಸಿ. ಗಾಯ, ಕೀವು ಇದ್ದರೆ ಬಳಸಬೇಡಿ. ಕೂಸುಗಳ ಕೈಗೆ ಸೀಸೆ ಸಿಗದಿರಲಿ. ಪಾಲಿಸಾರ್ಬೇಟ್ ಸಿಗದವರು ನಮ್ಮವ್ವನ ಕ್ರಮವನ್ನೇ ಮಾಡಿ: ಎಣ್ಣೆ ಸವರಿ, ನಯವಾಗಿ ಜರಡಿ ಹಿಡಿದ ಕಡಲೆ ಹಿಟ್ಟನ್ನು ನೀರಿನಲ್ಲಿ ಕಲಸಿ ಹಚ್ಚಿ, ಒಣಗುವ ಮೊದಲೇ ತೊಳೆಯಿರಿ.

“ಇದರಿಂದ ಬೆಳ್ಳಗಾಗ್ತೀವಾ?” ಎಂದು ಕೇಳುತ್ತೀರಿ, ನನಗೆ ಗೊತ್ತು. ಇಲ್ಲ. ಕೊಳೆ ಹೋಗುತ್ತದೆ, ಮುಖ ಬಿಗಿಯುವುದಿಲ್ಲ, ಅಷ್ಟೇ. ಬಣ್ಣ ಹುಟ್ಟಿದಾಗ ಬಂದದ್ದು, ಅದು ಕೊಳೆಯಲ್ಲ, ತೊಳೆಯುವ ಕಾರಣವೂ ಇಲ್ಲ. ಮಸ್ಕಿಯ ನಮ್ಮ ಹುಡುಗಿ ಈಗ ಪಾಠ ಹೇಳಲು ಶಾಲೆಗೆ ಹೋಗುತ್ತಾಳೆ. ಮೊನ್ನೆ ಇನ್ನೊಂದು ಕಡೆಯವರು ನೋಡಲು ಬರುತ್ತೇವೆಂದು ಹೇಳಿ ಕಳಿಸಿದಾಗ ಅವಳೇ ಫೋನಿನಲ್ಲಿ ಹೇಳಿದಳಂತೆ: “ಬರ್‍ರಿ, ಆದ್ರ ನನ್ನ ಬಣ್ಣ ಹಿಂಗ ಅದ, ಮೊದಲ ತಿಳ್ಕೊಂಡು ಬರ್‍ರಿ.”

ಈ ಕಡೆ ಬಂದರೆ ಮಸ್ಕಿಯಲ್ಲಿ ಇಳಿದು ಆ ಬಂಡೆ ನೋಡಿಕೊಂಡು ಹೋಗಿ. ಬಿಸಿಲೇರುವ ಮೊದಲೇ ಗುಡ್ಡ ಹತ್ತಿ, ತಲೆಗೆ ಸೆರಗು ಇರಲಿ, ಕುಡಿಯಲು ನೀರು ಒಯ್ಯಿರಿ. ಲಿಂಗಸುಗೂರಿನಲ್ಲಿ ಗಾಣದ ಎಣ್ಣೆ ಕೊಳ್ಳುವಾಗ ಒಂದು ಹನಿ ಅಂಗೈಗೆ ಹಾಕಿಸಿಕೊಂಡು ಮೂಸಿ ನೋಡಿ. ಹಸಿ ಕಾಳಿನ ವಾಸನೆ ಇದ್ದರೆ ಹೊಸದು, ಧೈರ್ಯವಾಗಿ ತನ್ನಿ.